ಕಿಲ್ಟ್‌ಗೆ ಹಳೇ ಕೋಟು: ಕತ್ತರಿ ಹಿಡಿಯುವ ಮೊದಲು ಜೇಬು ನೋಡಿ

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಮದುವೆ ಸೀಸನ್ ಶುರುವಾದರೆ ನನ್ನ ಹೊಲಿಗೆ ಮೇಜಿನ ಮೇಲೆ ಕೋಟುಗಳದ್ದೇ ರಾಶಿ. ಮದುಮಗ, ಅವನ ಅಣ್ಣತಮ್ಮಂದಿರು, ಗೆಳೆಯರು ಎಲ್ಲರೂ ಕಿಲ್ಟ್, ಅಂದರೆ ಇಲ್ಲಿನ ಗಂಡಸರ ನೆರಿಗೆ ಲಂಗ, ಉಡುತ್ತಾರೆ. ಕಿಲ್ಟ್ ಹೇಗೋ ಸಿಕ್ಕಿಬಿಡುತ್ತದೆ, ಅಪ್ಪನದ್ದೋ ಬಾಡಿಗೆಯದ್ದೋ. ಕೋಟು ಮಾತ್ರ ಬೀರುವಿನಲ್ಲಿರುವ ಆಫೀಸಿನದ್ದೇ ಸಾಕು ಅಂದುಕೊಳ್ಳುತ್ತಾರೆ. ಕನ್ನಡಿ ಮುಂದೆ ನಿಂತ ಮೇಲೆ ನನ್ನ ಹತ್ತಿರ ಓಡಿ ಬರುತ್ತಾರೆ.

ಎಡವಟ್ಟು ಎಲ್ಲಿ ಗೊತ್ತಾ? ಪ್ಯಾಂಟು ಸೊಂಟದ ಕೆಳಗೆ ನಿಲ್ಲುತ್ತದೆ. ಕಿಲ್ಟ್ ನಿಲ್ಲುವುದು ನಾವು ಪಂಚೆ ಕಟ್ಟುವ ಜಾಗದಲ್ಲಿ, ಹೊಕ್ಕುಳಿನ ಹತ್ತಿರ. ಅಲ್ಲಿಂದ ಮಂಡಿಯ ಮಧ್ಯದವರೆಗೆ ಅದರ ಉದ್ದ ಸುಮಾರು 24 ಇಂಚು. ಮಾಮೂಲಿ ಸೂಟ್ ಕೋಟು ಅದರಲ್ಲಿ 12 ಇಂಚು ಮುಚ್ಚಿಬಿಟ್ಟರೆ ಉಳಿಯುವುದೇನು? ಗಂಡಸು ಅಮ್ಮನ ಲಂಗ ಉಟ್ಟು ಅಪ್ಪನ ಕೋಟು ಹಾಕಿದ ಹಾಗೆ ಕಾಣುತ್ತಾನೆ. ಇನ್ನು ಸ್ಪೋರನ್ ಇದೆ. ಕಿಲ್ಟ್‌ಗೆ ಜೇಬಿಲ್ಲವಾದ್ದರಿಂದ ಮುಂದೆ ನೇತುಹಾಕುವ ಚರ್ಮದ ಚೀಲ ಅದು. ನಮ್ಮ ಎಲೆಅಡಿಕೆ ಸಂಚಿಯ ಶ್ರೀಮಂತ ನೆಂಟ ಅನ್ನಿ. ಕೋಟಿನ ಮುಂಭಾಗ ಅದನ್ನು ಮುಚ್ಚಬಾರದು.

ಹಾಗಾಗಿ ಎರಡು ಕೆಲಸ ಆಗಬೇಕು. ಕೋಟು ಮೂರರಿಂದ ನಾಲ್ಕು ಇಂಚು ಗಿಡ್ಡ ಆಗಬೇಕು, ಮುಂದಿನ ಎರಡು ಅಂಚು ಗುಂಡಿಯ ಕೆಳಗಿನಿಂದ ಪಕ್ಕಕ್ಕೆ ಬಾಗಿ ಹೋಗಬೇಕು. ಇಲ್ಲಿನವರು ಆರ್ಗೈಲ್ ಜಾಕೆಟ್ ಅನ್ನುವ ಕೋಟಿನ ಕಟ್ಟು ಹೆಚ್ಚುಕಡಿಮೆ ಇದೇ. ಪ್ರಿನ್ಸ್ ಚಾರ್ಲಿ ಅಂತ ಇನ್ನೊಂದಿದೆ, ಸಂಜೆ ಪಾರ್ಟಿಯದ್ದು, ಹಿಂದೆ ಪುಟ್ಟ ಬಾಲ ಇರುತ್ತದೆ. ಸೂಟ್ ಕೋಟಿನಿಂದ ಅದನ್ನು ಮಾಡಲು ಹೋಗಬೇಡಿ, ಕೋಟೂ ಹೋಗುತ್ತದೆ, ಭಾನುವಾರವೂ ಹೋಗುತ್ತದೆ.

ಎಲ್ಲರೂ ಮೊದಲು ಉದ್ದ ಅಳೆಯುತ್ತಾರೆ. ನಾನು ಮೊದಲು ಅಳೆಯುವುದು ಜೇಬಿನ ಬಾಯಿಯಿಂದ ಕೆಳಗಿನ ಅಂಚಿನವರೆಗೆ. ಜೇಬಿನ ಬಾಯಿ ಬಟ್ಟೆಯಲ್ಲಿ ಸೀಳಿದ ಗಾಯ. ಅದನ್ನು ಮೇಲಕ್ಕೆ ಸರಿಸಲು ಬರುವುದಿಲ್ಲ. ಅಲ್ಲಿ ಎಂಟು ಇಂಚು ಇದ್ದು, ನೀವು ನಾಲ್ಕು ಕತ್ತರಿಸಿದರೆ ಉಳಿಯುವುದು ನಾಲ್ಕು. ಜೇಬಿನ ಮುಚ್ಚಳ ಎರಡು ಇಂಚು ತಿನ್ನುತ್ತದೆ. ಮುಚ್ಚಳದ ಕೆಳಗೆ ಎರಡು ಇಂಚು ಖಾಲಿ ಬಟ್ಟೆ ಕಾಣುತ್ತದೆ, ಸಾಕು. ಒಂದು ಇಂಚಿಗಿಂತ ಕಡಿಮೆ ಉಳಿಯುವುದಾದರೆ ಆ ಕೋಟು ಬಿಟ್ಟು ಬೇರೆ ನೋಡಿ. ಇಲ್ಲಿನ ಚಾರಿಟಿ ಅಂಗಡಿಗಳಲ್ಲಿ ಟ್ವೀಡ್ ಅನ್ನುವ ಒರಟು ಉಣ್ಣೆ ಬಟ್ಟೆಯ ಹಳೇ ಕೋಟು ಅಗ್ಗಕ್ಕೆ ಸಿಗುತ್ತದೆ. ಮೊದಲ ಸಲ ಮಾಡುವವರಿಗೆ ಟ್ವೀಡೇ ಒಳ್ಳೆಯದು, ಹೊಲಿಗೆ ಸ್ವಲ್ಪ ಸೊಟ್ಟಗಾದರೂ ನುಂಗಿಕೊಳ್ಳುತ್ತದೆ. ಎರಡು ಸಾಲು ಗುಂಡಿಯ ಡಬಲ್ ಬ್ರೆಸ್ಟ್ ಕೋಟು ಬೇಡವೇ ಬೇಡ.

ಜೇಬಿನ ವಿಷಯದಲ್ಲಿ ನನ್ನದೇ ಒಂದು ಪಾಡು ಹೇಳುತ್ತೇನೆ. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಕೋಟಿಗೆ ಚಾಕ್ ಗೆರೆ ಎಳೆದು, ಕತ್ತರಿ ಓಡಿಸಿದೆ. ಗೆರೆ ಸರಿಯಾಗಿತ್ತು, ಅಳತೆಯೂ ಸರಿಯಾಗಿತ್ತು. ಆದರೆ ಒಳಗೆ ಜೇಬಿನ ಚೀಲ ಆರು ಏಳು ಇಂಚು ಇಳಿದಿರುತ್ತದೆ ಅನ್ನುವುದು ಆ ಹೊತ್ತಿಗೆ ತಲೆಯಿಂದ ಹಾರಿಹೋಗಿತ್ತು. ಕೋಟಿನ ಜೊತೆ ಎರಡೂ ಜೇಬಿನ ತಳ ಹೋಯಿತು. ಅವತ್ತಿನಿಂದ ಲೈನಿಂಗ್ ಬಿಚ್ಚಿದ ಕೂಡಲೇ ಚೀಲ ಮೇಲೆತ್ತಿ, ಹೊಸ ತಳ ಹೊಲಿದು, ಆಮೇಲೆ ಚಾಕ್ ಮುಟ್ಟುತ್ತೇನೆ.

ಗುರುತು ಹಾಕುವಾಗ ಕಿಲ್ಟ್, ಬೆಲ್ಟು, ಸ್ಪೋರನ್ ಎಲ್ಲ ತೊಟ್ಟೇ ನಿಲ್ಲಬೇಕು. ಪ್ಯಾಂಟಿನ ಮೇಲೆ ಅಂದಾಜು ನಡೆಯುವುದಿಲ್ಲ. ಒಬ್ಬರೇ ಮಾಡುವ ಕೆಲಸವೂ ಅಲ್ಲ, ತಲೆ ಬಗ್ಗಿಸಿದರೆ ಮುಂದಿನ ಅಂಚು ಇಳಿಯುತ್ತದೆ, ಹಿಂದಿನದು ಏಳುತ್ತದೆ. ಮನೆಯವರ ಕೈಗೆ ಪಿನ್ನು ಕೊಡಿ.

ಮುಂದಿನ ಬಾಗುವಿಕೆಗೆ ಹಳೇ ಕ್ಯಾಲೆಂಡರಿನ ರಟ್ಟು ಸಾಕು. ಒಂದೇ ಕಡೆ ಬರೆದು ಕತ್ತರಿಸಿ, ಅದನ್ನೇ ಮಗುಚಿ ಇನ್ನೊಂದು ಕಡೆಗೂ ಇಡಿ. ಎರಡು ಸಲ ಕೈಯಲ್ಲಿ ಬರೆದರೆ ಎರಡು ಬೇರೆ ಬೇರೆ ಕೋಟಾಗುತ್ತದೆ. ಇಲ್ಲೇ ಕೆಳಗಿನ ಕಾಜಾ ಮೇಲೆ ಕಣ್ಣಿಡಿ. ಎರಡು ಗುಂಡಿಯ ಕೋಟಿನಲ್ಲಿ ಕೆಳಗಿನ ಕಾಜಾ ಅಂಚಿನಿಂದ ಒಳಗೆ ಸುಮಾರು ಒಂದೂವರೆ ಇಂಚಿನವರೆಗೆ ಚಾಚಿರುತ್ತದೆ. ನಿಮ್ಮ ಗೆರೆ ಅದರ ಮಧ್ಯೆ ಹಾದರೆ ಕತೆ ಮುಗಿಯಿತು. ಕಾಜಾ ಪೂರ್ತಿ ಕತ್ತರಿಸಿ ಹೋಗುವಷ್ಟು ಒಳಗೆ ಬನ್ನಿ, ಇಲ್ಲವೇ ಅದರಿಂದ ಮುಕ್ಕಾಲು ಇಂಚು ದೂರ ಉಳಿಯಿರಿ. ನಾನು ಪೂರ್ತಿ ತೆಗೆಯುವ ಪಕ್ಷ. ಸ್ಪೋರನ್‌ಗೆ ಜಾಗ ಚೆನ್ನಾಗಿ ಸಿಗುತ್ತದೆ.

ಕತ್ತರಿಸುವಾಗ ಗೆರೆಯ ಮೇಲಲ್ಲ. ಕೆಳಗಿನ ಅಂಚಿಗೆ ಮಡಿಸಲು ಒಂದೂವರೆ ಇಂಚು, ಬಾಗಿದ ಮುಂಭಾಗಕ್ಕೆ ಅರ್ಧ ಇಂಚು ಬಿಡಿ. ಬಾಗಿದ ಅಂಚು ಬಟ್ಟೆಗೆ ಓರೆಯಾಗಿರುವುದರಿಂದ ಹಿಗ್ಗುತ್ತದೆ, ಆಮೇಲೆ ಅಲೆ ಅಲೆಯಾಗಿ ಏಳುತ್ತದೆ. ಗೆರೆಯ ಉದ್ದಕ್ಕೂ ತೆಳು ಹತ್ತಿ ಪಟ್ಟಿ ಇಟ್ಟು ಕಚ್ಚಾ ಹೊಲಿಗೆ ಹಾಕಿದರೆ ಆ ಕಾಟ ಇಲ್ಲ. ನಂತರ ಕೋಟನ್ನು ಲೈನಿಂಗ್ ಕಡೆಯಿಂದ ಮಗುಚಿ, ಮುಂಭಾಗವನ್ನೂ ಅದರ ಒಳಬದಿಗೆ ಇರುವ ಅದೇ ಬಟ್ಟೆಯ ಒಳಪಟ್ಟಿಯನ್ನೂ ಮುಖಕ್ಕೆ ಮುಖ ಸೇರಿಸಿ ಹೊಲಿಯಿರಿ. ಒಳಗಿನ ಪದರಗಳನ್ನು ಒಂದೇ ಸಮ ಕತ್ತರಿಸದೆ, ಮೆಟ್ಟಿಲ ಹಾಗೆ ಒಂದಕ್ಕಿಂತ ಒಂದು ಗಿಡ್ಡ ಮಾಡಿ. ಇಲ್ಲದಿದ್ದರೆ ಇಸ್ತ್ರಿ ಹಾಕಿದಾಗ ಹೊರಗೆ ಗೀಟು ಮೂಡುತ್ತದೆ. ಲೈನಿಂಗ್ ಕೋಟಿನ ಅಂಚಿಗಿಂತ ಅರ್ಧ ಇಂಚು ಮೇಲಿರಲಿ, ಆದರೆ ಬಿಗಿ ಬೇಡ. ಸಣ್ಣ ಮಡಿಕೆಯಷ್ಟು ಸಡಿಲ ಬಿಟ್ಟು ಕೈಯಲ್ಲಿ ಹೊಲಿಯಿರಿ.

ಹಿಂಭಾಗ ಜಾಸ್ತಿ ಜನ ಮರೆಯುವ ಜಾಗ. ಪೂರ್ತಿ ಅಳತೆಯ ಕಿಲ್ಟ್‌ಗೆ ಎಂಟು ಗಜ ಬಟ್ಟೆ ಹೋಗುತ್ತದೆ, ಅದರ ನೆರಿಗೆಯೆಲ್ಲ ಹಿಂದೆಯೇ. ಪ್ಯಾಂಟಿನ ಮೇಲೆ ಸರಿಯಾಗಿದ್ದ ಕೋಟು ಇಲ್ಲಿ ಬಿಗಿಯಾಗುತ್ತದೆ, ಹಿಂದಿನ ಸೀಳು ಬಾಯಿ ಬಿಡುತ್ತದೆ. ಪಕ್ಕದ ಹೊಲಿಗೆಯ ಒಳಗೆ ಮಾರ್ಜಿನ್ ಇದ್ದರೆ ಸೊಂಟದಿಂದ ಕೆಳಗೆ ಹೊಲಿಗೆ ಬಿಚ್ಚಿ ಒಂದೊಂದು ಕಡೆ ಕಾಲು ಇಂಚು ಸಡಿಲಿಸಿ.

ಕತ್ತರಿಸಿದ ತುಂಡು ಕಸದ ಬುಟ್ಟಿಗೆ ಹಾಕಬೇಡಿ. ಹಳೇ ಮಡಿಕೆ ಬಿಚ್ಚಿದರೆ ಮೂರು ನಾಲ್ಕು ಇಂಚು ಅಗಲದ ಪಟ್ಟಿ ಅದು. ಆರ್ಗೈಲ್ ಕೋಟಿನ ತೋಳಿನ ತುದಿಗೆ ಮೇಲೆ ಚೂಪಾಗಿ ಏರುವ ಅಗಲ ಕಫ್ ಇರುತ್ತದಲ್ವಾ, ಅದಕ್ಕೆ ಸರಿಯಾಗಿ ಸಾಕಾಗುತ್ತದೆ. ಬಣ್ಣವೂ ಅದೇ, ಮಾಸಿದ್ದೂ ಅಷ್ಟೇ. ಹೊಸ ಬಟ್ಟೆ ತಂದರೆ ಈ ಹೊಂದಾಣಿಕೆ ಸಿಗುವುದಿಲ್ಲ. ಪ್ಲಾಸ್ಟಿಕ್ ಗುಂಡಿ ತೆಗೆದು ಕೊಂಬಿನ ಗುಂಡಿ ಹಾಕಿದರೆ ಆಫೀಸಿನ ವಾಸನೆ ಪೂರ್ತಿ ಹೋಗುತ್ತದೆ.

ಕೊನೆಗೆ ಕಿಲ್ಟ್ ಉಟ್ಟು ಕುರ್ಚಿಯಲ್ಲಿ ಕೂತು ನೋಡಿ. ಕೋಟಿನ ಹಿಂದಿನ ಅಂಚು ನಿಮ್ಮ ಕೆಳಗೆ ಸಿಕ್ಕಿಕೊಂಡರೆ ಇನ್ನೂ ಅರ್ಧ ಇಂಚು ಬಾಕಿ ಇದೆ.