ಉತ್ತರ ಮಗುವಿನದು, ಪ್ರಶ್ನೆ ಯಾರದು?

ಮೇಜಿನ ಮೇಲೆ ಗುಂಡಿಗಳ ಎರಡು ಸಾಲು. ಎರಡರಲ್ಲೂ ಆರಾರು, ಒಂದರೆದುರು ಒಂದು. ಎರಡೂ ಸಮ ಇವೆಯಾ ಎಂದು ಕೇಳಿದರೆ ಐದು ವರ್ಷದ ಮಗು ಹೌದು ಎನ್ನುತ್ತದೆ. ಎದುರಿಗೆ ಕೂತ ದೊಡ್ಡವರು ಮಗು ನೋಡುತ್ತಿರುವಾಗಲೇ ಒಂದು ಸಾಲಿನ ಗುಂಡಿಗಳನ್ನು ದೂರ ದೂರ ಸರಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ. ಈಗ ಮಗು ಉದ್ದದ ಸಾಲನ್ನು ತೋರಿಸಿ ಇದರಲ್ಲಿ ಜಾಸ್ತಿ ಎನ್ನುತ್ತದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಪೋಲೆಂಡಿನ ಅಲೀನಾ ಷೆಮಿನ್ಸ್ಕಾ ಜೊತೆ 1941ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಇಂಥ ಪ್ರಯೋಗಗಳೇ ತಳಹದಿ. ಅವರು ಕಂಡುಕೊಂಡದ್ದು ಇಷ್ಟು: ಜೋಡಣೆ ಬದಲಾದರೂ ಸಂಖ್ಯೆ ಬದಲಾಗದು ಎಂಬುದು ಮಗುವಿಗೆ ಗಟ್ಟಿಯಾಗುವುದು ಸುಮಾರು ಆರೇಳು ವರ್ಷಕ್ಕೆ.

ಪಿಯಾಜೆ ಈ ದಾರಿ ಹಿಡಿದದ್ದೇ ಮಕ್ಕಳ ತಪ್ಪು ಉತ್ತರಗಳಿಂದ. ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ಪ್ಯಾರಿಸ್ಸಿನಲ್ಲಿ ಬುದ್ಧಿಪರೀಕ್ಷೆಗಳನ್ನು ಒಪ್ಪಮಾಡುವ ಕೆಲಸ ಅವರ ಪಾಲಿಗೆ ಬಂದಿತ್ತು. ಸರಿ ಉತ್ತರಗಳನ್ನು ಎಣಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಅವರು ಮಾತ್ರ ತಪ್ಪಿದ ಮಗುವಿನ ಎದುರು ಕೂತು, ಯಾಕೆ ಹಾಗೆ ಅನ್ನಿಸಿತು ಎಂದು ಕೇಳತೊಡಗಿದರು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದರು. ತಪ್ಪಿನ ಹಿಂದೆ ಯೋಚನೆ ಇದೆ ಎಂಬ ಆ ಗೌರವ ದೊಡ್ಡದು. ಆದರೆ ಅದರಿಂದ ಹುಟ್ಟಿದ, ಮಗುವಿನ ಯೋಚನೆ ವಯಸ್ಸಿಗೆ ತಕ್ಕ ಹಂತಗಳಲ್ಲಿ ಬೆಳೆಯುತ್ತದೆ ಎಂಬ ಸಿದ್ಧಾಂತ ಶಿಕ್ಷಕರ ತರಬೇತಿಯ ನೋಟ್ಸಿಗೆ ಇಳಿಯುವ ಹೊತ್ತಿಗೆ ಗೌರವ ಸೋರಿಹೋಗಿ, ಯಾವ ವಯಸ್ಸಿಗೆ ಏನು ಅರ್ಥವಾಗುವುದಿಲ್ಲ ಎಂಬ ಪಟ್ಟಿಯಷ್ಟೇ ಉಳಿಯಿತು.

1967ರಲ್ಲಿ ಅಮೆರಿಕದಲ್ಲಿ ಜಾಕ್ ಮೆಹ್ಲರ್ ಮತ್ತು ಥಾಮಸ್ ಬೀವರ್ ಗುಂಡಿಗಳ ಬದಲು ಮಿಠಾಯಿ ಇಟ್ಟರು. ಯಾವುದರಲ್ಲಿ ಜಾಸ್ತಿ ಎಂದು ಕೇಳದೆ, ಬೇಕಾದ ಸಾಲನ್ನು ತೆಗೆದುಕೊಂಡು ತಿನ್ನು ಎಂದರು. ಎರಡು ವರ್ಷ ದಾಟಿದ ಕೂಸುಗಳಲ್ಲೂ ಹೆಚ್ಚಿನವು ಗಿಡ್ಡ ಸಾಲಾದರೂ ಜಾಸ್ತಿ ಮಿಠಾಯಿ ಇದ್ದದ್ದಕ್ಕೇ ಕೈ ಹಾಕಿದವು. ಇದು ಸಂಖ್ಯೆಯ ಅರಿವಲ್ಲ ಎಂದು ಪಿಯಾಜೆ ಆಕ್ಷೇಪಿಸಿದರು, ವಾದ ನಡೆಯಿತು. ಏಳು ವರ್ಷಗಳ ನಂತರ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಎಡಿನ್‌ಬರೋ ವಿಶ್ವವಿದ್ಯಾಲಯದ ಮಾರ್ಗರೆಟ್ ಡೊನಾಲ್ಡ್‌ಸನ್ ಮಾಡಿದ ಪ್ರಯೋಗ ಇನ್ನೂ ಸರಳ. ಇಲ್ಲಿ ಸಾಲನ್ನು ಕೆಡಿಸಿದ್ದು ದೊಡ್ಡವರಲ್ಲ, ಪೆಟ್ಟಿಗೆಯಿಂದ ಹೊರಬಿದ್ದ ತುಂಟ ಕರಡಿಗೊಂಬೆ. ನಾಲ್ಕರಿಂದ ಆರು ವರ್ಷದ 80 ಮಕ್ಕಳಲ್ಲಿ, ದೊಡ್ಡವರು ಸರಿಸಿದಾಗ ಸರಿಯಾಗಿ ಹೇಳಿದವರು 13 ಮಂದಿ. ಗೊಂಬೆ ಕೆಡಿಸಿದಾಗ 50 ಮಂದಿ.

ಮಕ್ಕಳೂ ಅವರೇ, ಗುಂಡಿಗಳೂ ಅವೇ. ಟೀಚರಂಥವರೊಬ್ಬರು ಬೇಕೆಂದೇ ಏನನ್ನೋ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಮೊದಲ ಉತ್ತರ ಅವರಿಗೆ ಹಿಡಿಸಲಿಲ್ಲ ಎಂದು ಮಗು ತಿಳಿಯುವುದು ಸಹಜ. ತರಗತಿಯಲ್ಲಿ ಒಂದೇ ಪ್ರಶ್ನೆ ಎರಡನೇ ಸಲ ಬಂದರೆ ಏನರ್ಥ ಎಂಬುದು ನಮಗೆಲ್ಲ ಗೊತ್ತು.

ಹಾಗೆಂದು ಮಕ್ಕಳಿಗೆ ಹುಟ್ಟಿನಿಂದಲೇ ಎಲ್ಲವೂ ಗೊತ್ತು ಎನ್ನುವುದೂ ಸರಿಯಲ್ಲ. ಐದು ತಿಂಗಳ ಕೂಸು, ಪರದೆಯ ಹಿಂದೆ ಒಂದು ಗೊಂಬೆಗೆ ಇನ್ನೊಂದು ಸೇರಿದ ಮೇಲೂ ಒಂದೇ ಕಂಡರೆ ಹೆಚ್ಚು ಹೊತ್ತು ದಿಟ್ಟಿಸುತ್ತದೆ ಎಂದು 1992ರಲ್ಲಿ ತೋರಿಸಿದವರು ಕ್ಯಾರೆನ್ ವಿನ್. ಅದೇ ವಿನ್ ಇನ್ನೊಂದನ್ನೂ ಗಮನಿಸಿದ್ದರು. ಒಂದರಿಂದ ಹತ್ತರವರೆಗೆ ಗಳಗಳನೆ ಹೇಳುವ ಎರಡೂವರೆ, ಮೂರು ವರ್ಷದ ಮಗುವಿಗೆ ಮೂರು ಕೊಡು ಎಂದರೆ ಬೊಗಸೆ ತುಂಬ ಕೊಟ್ಟುಬಿಡುತ್ತದೆ. ಒಂದು ಎಂದರೆ ಎಷ್ಟು ಎಂದು ಅದು ಮೊದಲು ಕಲಿಯುತ್ತದೆ, ತಿಂಗಳುಗಳ ನಂತರ ಎರಡು, ಆಮೇಲೆ ಮೂರು. ಎಣಿಸಿ ಮುಗಿಸುವಾಗ ಬಂದ ಕೊನೆಯ ಪದವೇ ಒಟ್ಟು ಎಷ್ಟು ಎಂಬುದನ್ನು ಹೇಳುತ್ತದೆ ಎಂದು ಹೊಳೆಯಲು ಒಂದು ವರ್ಷಕ್ಕೂ ಹೆಚ್ಚು ಬೇಕಾಗಬಹುದು. ನೆಂಟರೆದುರು ನೂರರವರೆಗೆ ಹೇಳಿಸುವ ಮನೆಗಳಲ್ಲಿ, ಡಬ್ಬಿಯಿಂದ ನಾಲ್ಕು ಚಕ್ಕುಲಿ ತಾ ಎಂದು ಕಳಿಸುವುದೂ ನಡೆದರೆ ಚೆನ್ನ.

ಪ್ರಶ್ನೆ ಕೇಳುವ ಜಾಗವೇ ಉತ್ತರವನ್ನು ಎಷ್ಟು ಬದಲಿಸುತ್ತದೆ ಎಂಬುದು ಕಂಡದ್ದು ಬ್ರೆಜಿಲ್‌ನ ರೆಸಿಫೆ ಊರಿನ ಬೀದಿಯಲ್ಲಿ. 1985ರಲ್ಲಿ ಪ್ರಕಟವಾದ ಆ ಅಧ್ಯಯನಕ್ಕೆ ಸಿಕ್ಕವರು 9ರಿಂದ 15 ವರ್ಷದ ಐದೇ ಐದು ಮಕ್ಕಳು, ಬೀದಿಬದಿ ವ್ಯಾಪಾರದವರು. ಸಂಶೋಧಕರು ಗಿರಾಕಿಗಳಂತೆ ಹೋಗಿ ಕೇಳಿದಾಗ ಲೆಕ್ಕ ಶೇ. 98ರಷ್ಟು ಸರಿ. ಅಂಥವೇ ಲೆಕ್ಕಗಳನ್ನು ಬರಿ ಅಂಕಿಗಳಲ್ಲಿ ಕೊಟ್ಟಾಗ ಶೇ. 37ರಷ್ಟು. ಒಂದಕ್ಕೆ 35ರಂತೆ ನಾಲ್ಕು ತೆಂಗಿನಕಾಯಿಗೆ ಎಷ್ಟು ಎಂದರೆ 12 ವರ್ಷದ ಹುಡುಗ ಮೂರರ ಬೆಲೆ 105ಕ್ಕೆ ಇನ್ನೊಂದರದ್ದು ಕೂಡಿಸಿ 140 ಎಂದ. ಶಾಲೆಯ ರೀತಿಯಲ್ಲಿ 35ನ್ನು ನಾಲ್ಕರಿಂದ ಗುಣಿಸು ಎಂದಾಗ, ನಾಲ್ಕೈದಲೆ ಇಪ್ಪತ್ತರಲ್ಲಿನ ದಶಕದ ಎರಡನ್ನು ಮೊದಲೇ ಮೂರಕ್ಕೆ ಕೂಡಿಸಿಕೊಂಡು, ಬಂದ ಐದನ್ನು ನಾಲ್ಕರಿಂದ ಗುಣಿಸಿ 200 ಎಂದ.

ಇದೇ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಕೇಳಿದವರು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕೆ ಮತ್ತು ಸಂಗಡಿಗರು. ಕೋಲ್ಕತ್ತ, ದೆಹಲಿ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳನ್ನು ಕಂಡ ಈ ಅಧ್ಯಯನ 2025ರಲ್ಲಿ ಹೊರಬಂತು. ವ್ಯಾಪಾರದ ಲೆಕ್ಕವನ್ನು ಹೆಚ್ಚುಕಮ್ಮಿ ಎಲ್ಲರೂ ಬಾಯಲ್ಲೇ ಬಿಡಿಸಿದರು. ಅಷ್ಟೇ ಕಷ್ಟದ, ಅದಕ್ಕಿಂತ ಸುಲಭದ ಶಾಲೆಯ ಲೆಕ್ಕದಲ್ಲಿ ಸೋತರು. ಹತ್ತಿರದ ಶಾಲೆಗಳಲ್ಲಿ ಓದುವ, ವ್ಯಾಪಾರ ಮಾಡಿ ಗೊತ್ತಿಲ್ಲದ 471 ಮಕ್ಕಳದ್ದು ತದ್ವಿರುದ್ಧ ಕಥೆ. ಸಂತೆಯಲ್ಲಿ ತಾಯಿಯ ಪಕ್ಕ ಕೂತು ಸೊಪ್ಪಿನ ಕಟ್ಟುಗಳ ಚಿಲ್ಲರೆ ಕೊಡುವ ಹುಡುಗಿಯನ್ನು ಲೆಕ್ಕದಲ್ಲಿ ದಡ್ಡಿ ಎಂದು ಕರೆಯುವ ಶಾಲೆ, ಅವಳಿಗೆ ಬರುವ ಲೆಕ್ಕವನ್ನು ಒಂದು ಸಲವೂ ಕೇಳಿಲ್ಲ ಎಂಬುದು ನನ್ನನ್ನು ಸುಮ್ಮನಿರಲು ಬಿಡುವುದಿಲ್ಲ.

ಕಾಯಿಲೆಯ ವಿಷಯದಲ್ಲೂ ಇಂಥದ್ದೇ ಒಂದು ಚರಿತ್ರೆಯಿದೆ. ಚಿಕ್ಕ ಮಕ್ಕಳು ಕೇಡನ್ನು ತಪ್ಪಿಗೆ ಸಿಕ್ಕ ಶಿಕ್ಷೆ ಎಂದು ಎಣಿಸುತ್ತಾರೆ ಎಂದು ಪಿಯಾಜೆ 1932ರಲ್ಲೇ ಬರೆದಿದ್ದರು. ಆ ಮಾತು ಕಾಯಿಲೆಗೂ ಅಂಟಿಕೊಂಡಿತು. 1988ರಲ್ಲಿ ಮೈಕಲ್ ಸೀಗಲ್ ಪ್ರಶ್ನೆಯನ್ನು ತಿರುಗಿಸಿದರು: ಬೇರೆ ಮಗುವೊಂದು ಕೊಟ್ಟ ಕಾರಣ ಸರಿಯೋ ತಪ್ಪೋ ನೀನೇ ಹೇಳು. ಶಾಲೆಗೆ ಸೇರುವ ಮೊದಲಿನ ಮಕ್ಕಳೂ ನೆಗಡಿ ಹತ್ತಿರದವರಿಂದ ಅಂಟುತ್ತದೆ, ತುಂಟತನದಿಂದ ಬರುವುದಿಲ್ಲ ಎಂದು ಗುರುತಿಸಿದರು. ಶಿಕ್ಷೆಯ ಯೋಚನೆಯನ್ನು ಅವರ ತಲೆಗೆ ತುಂಬುವವರು ಹಲವು ಸಲ ನಾವೇ. ಹಠ ಮಾಡಿದರೆ ಡಾಕ್ಟರ ಹತ್ತಿರ ಕರಕೊಂಡು ಹೋಗಿ ಸೂಜಿ ಚುಚ್ಚಿಸ್ತೀನಿ ಎಂಬ ಮಾತು ಯಾವ ಮನೆಯಲ್ಲಿ ಕೇಳಿಲ್ಲ? ಅದನ್ನು ಕೇಳಿ ಬೆಳೆದ ಮಗು ಜ್ವರ ಬಂದ ರಾತ್ರಿ ತಾನೇನು ತಪ್ಪು ಮಾಡಿದೆ ಎಂದು ಹುಡುಕಿದರೆ ಅದರ ಬುದ್ಧಿ ಎಳಸು ಎನ್ನಲಾಗದು.

ಮನುಷ್ಯರ ನಡುವಿನ ಭೇದದ ವಿಷಯಕ್ಕೆ ಬಂದರೆ, ಮಕ್ಕಳಿಗೆ ಇನ್ನೂ ಗೊತ್ತಿಲ್ಲ ಎಂಬುದು ದೊಡ್ಡವರಿಗೆ ಹಿತವಾದ ನಂಬಿಕೆ. ಮಾಮೀ ಮತ್ತು ಕೆನೆತ್ ಕ್ಲಾರ್ಕ್ ದಂಪತಿ 1940ರ ದಶಕದಲ್ಲಿ ಅಮೆರಿಕದ ಮೂರರಿಂದ ಏಳು ವರ್ಷದ 253 ಕಪ್ಪು ಮಕ್ಕಳ ಮುಂದೆ, ಬಣ್ಣ ಬಿಟ್ಟರೆ ಬೇರೇನೂ ವ್ಯತ್ಯಾಸವಿಲ್ಲದ ಗೊಂಬೆಗಳನ್ನಿಟ್ಟರು. ಆಡಲು ಯಾವುದು ಬೇಕು ಎಂದಾಗ ಮೂರರಲ್ಲಿ ಎರಡು ಪಾಲು ಮಕ್ಕಳು ಬಿಳಿ ಗೊಂಬೆಯನ್ನು ತೋರಿಸಿದರು. ನಿನ್ನ ಹಾಗೆ ಇರುವುದು ಯಾವುದು ಎಂದು ಆಮೇಲೆ ಕೇಳಿದಾಗ ಕೆಲವು ಮಕ್ಕಳು ಅತ್ತುಬಿಟ್ಟರು. ಬಿಳಿಯರಿಗೂ ಕಪ್ಪು ಮಕ್ಕಳಿಗೂ ಬೇರೆ ಬೇರೆ ಸರ್ಕಾರಿ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿದ ತೀರ್ಪಿನ ಅಡಿಟಿಪ್ಪಣಿಯಲ್ಲಿ ಕೆನೆತ್ ಕ್ಲಾರ್ಕ್ ಬರಹಕ್ಕೂ ಜಾಗ ಸಿಕ್ಕಿತು.

ವ್ಯತ್ಯಾಸ ಕಣ್ಣಿಗೆ ಬೀಳುವುದು ಬೇರೆ, ಅದಕ್ಕೊಂದು ಬೆಲೆ ಬರುವುದು ಬೇರೆ. 1997ರಲ್ಲಿ ರೆಬೆಕ್ಕಾ ಬಿಗ್ಲರ್ ತಂಡ ಬೇಸಿಗೆ ಶಾಲೆಯೊಂದರ ಮಕ್ಕಳಿಗೆ ನೀಲಿ, ಹಳದಿ ಅಂಗಿ ತೊಡಿಸಿತು. ಕೆಲವು ತರಗತಿಗಳಲ್ಲಿ ಟೀಚರ್ ಬಣ್ಣ ನೋಡಿ ಸಾಲು ಮಾಡಿದರು, ಬಣ್ಣ ಹೇಳಿ ಕೂಗಿದರು; ಉಳಿದ ಕಡೆ ಅಂಗಿಯ ಮಾತೇ ಎತ್ತಲಿಲ್ಲ. ನಮ್ಮ ಬಣ್ಣದವರೇ ಉತ್ತಮರು ಎಂಬ ಭಾವ ಬೆಳೆದದ್ದು ಟೀಚರ್ ಬಣ್ಣ ಹೇಳಿ ಕೂಗಿದ ತರಗತಿಗಳಲ್ಲಿ.

ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ನಡೆಸಿದ ಪ್ರಯೋಗದಲ್ಲಿ ಬಣ್ಣದ ಅಂಗಿ ಬೇಕಾಗಲಿಲ್ಲ. ಆರು, ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಸಿಕ್ಕುದಾರಿಗಳನ್ನು ಬಿಡಿಸಲು ಕೊಟ್ಟು, ಬಿಡಿಸಿದ್ದಕ್ಕೆ ದುಡ್ಡು ಎಂದರು. ಜಾತಿಯ ಮಾತು ಬಾರದಿದ್ದಾಗ ಮೇಲ್ಜಾತಿಯ ಹುಡುಗರಿಗೂ ದಲಿತ ಹುಡುಗರಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಹೆಸರಿನ ಜೊತೆ ಜಾತಿಯನ್ನೂ ಎಲ್ಲರೆದುರು ಓದಿ ಹೇಳಿದಾಗ ದಲಿತ ಹುಡುಗರು ಬಿಡಿಸಿದ ದಾರಿಗಳು ಕಡಿಮೆಯಾದವು. ಓದಿ ಹೇಳಿದ್ದು ಅವರಿಗೆ ಮೊದಲೇ ಗೊತ್ತಿದ್ದದ್ದನ್ನೇ. ವಿದ್ಯಾರ್ಥಿವೇತನದ ಅರ್ಜಿ ಬಂದ ದಿನ ಜಾತಿಯ ಹೆಸರು ಹೇಳಿ ಮಕ್ಕಳನ್ನು ಎದ್ದು ನಿಲ್ಲಿಸುವ ರೂಢಿ ನಮ್ಮ ತರಗತಿಗಳಲ್ಲೂ ನಡೆದುಕೊಂಡು ಬಂದಿದೆ. ಅರ್ಜಿ ಯಾರಿಗೆ ಎಂಬ ಪಟ್ಟಿಗೆ ಬೇಕಾದ ದಾಖಲೆಗಳೆಲ್ಲ ಶಾಲೆಯ ಆಫೀಸಿನಲ್ಲಿರುತ್ತವೆ. ಅಲ್ಲೇ ಕೂತು ಬರೆದು ಮುಗಿಸಬಹುದು.