ಯುಬಿಇ3ಎ ಮತ್ತು ಕಬ್ಬಿನ ಕಟಿಂಗ್ ಆರ್ಡರ್

ಜೀವಕೋಶದಲ್ಲಿ ಅರೆಯಬೇಕಾದ ಪ್ರೋಟೀನುಗಳಿಗೆ ಗುರುತು ಹಚ್ಚುವ ಕಿಣ್ವಗಳು ಮೂರು ಬಗೆ, ಯುಬಿಇ3ಎ ಅಂಥದ್ದೊಂದು ಕಿಣ್ವ. ಆ ಮೂರನ್ನು ಇ1, ಇ2, ಇ3 ಅಂತ ಸುಮ್ನೆ ಬಾಯಿಪಾಠ ಮಾಡಿದರೆ ಪರೀಕ್ಷೆ ಹೊತ್ತಿಗೆ ಮೂರೂ ಕಲಸಿಹೋಗುತ್ತವೆ. ಮಾನಸಗಂಗೋತ್ರಿ ಲೈಬ್ರರಿಯಲ್ಲಿ ನಾವು ನಾಲ್ಕು ಜನ ಓದುವಾಗ ಸಿಕ್ಕಿಕೊಂಡಿದ್ದೂ ಇಲ್ಲೇ. ನಾನು ಮಂಡ್ಯ ಕಡೆಯವಳು, ನನಗೆ ಕೊನೆಗೆ ಕಬ್ಬನ್ನು ನೆನಪಿಸಿಕೊಂಡ ಮೇಲೇ ಅರ್ಥವಾಯಿತು.

ಗದ್ದೆಯಲ್ಲಿ ಕಬ್ಬು ನಿಂತಿದೆ ಅಂತ ಕಾರ್ಖಾನೆ ತಾನಾಗಿ ತೆಗೆದುಕೊಳ್ಳುವುದಿಲ್ಲ, ಅಲ್ವಾ? ಕಟಿಂಗ್ ಆರ್ಡರ್ ಬೇಕು, ಅಂದರೆ ಈ ಕಬ್ಬು ಕಡಿಯಿರಿ ಅನ್ನುವ ಚೀಟಿ. ಜೀವಕೋಶದಲ್ಲಿ ಆ ಚೀಟಿಯೇ ಯೂಬಿಕ್ವಿಟಿನ್, 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಅರೆಯುವ ಗಾಣ ಪ್ರೋಟಿಯಾಸೋಮ್. ಇ1 ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಚೀಟಿಯನ್ನು ಸಿದ್ಧ ಮಾಡುತ್ತದೆ, ಇ2 ಹೊತ್ತು ತರುತ್ತದೆ. ಯಾವ ಗದ್ದೆ ಅಂತ ಗುರುತಿಸುವ ಫೀಲ್ಡ್‌ಮನ್ ಇ3. ಅದಕ್ಕೇ ಮನುಷ್ಯರಲ್ಲಿ ಇ1 ಎರಡೇ ಇದ್ದರೂ ಇ3ಗಳು 600ಕ್ಕೂ ಜಾಸ್ತಿ. ಒಂದು ಚೀಟಿ ಸಾಲದು, ಸಾಮಾನ್ಯವಾಗಿ ನಾಲ್ಕಾದರೂ ಸರಪಳಿಯಾಗಿ ಅಂಟಬೇಕು, ಅದೂ ಹೆಚ್ಚಾಗಿ ಒಂದರ 48ನೇ ಅಮೈನೋ ಆಮ್ಲವಾದ ಲೈಸಿನ್‌ಗೆ ಇನ್ನೊಂದು. ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಪ್ರೋಟೀನನ್ನು ಕತ್ತರಿಸುವುದು ಇ3 ಅಲ್ಲ, ಗಾಣ.

ಯುಬಿಇ3ಎ ಅಂಥ ಒಂದು ಇ3. ತುಂಬಾ ಇ3ಗಳು ಇ2 ಮತ್ತು ಗುರಿ ಪ್ರೋಟೀನನ್ನು ಹತ್ತಿರ ತಂದು ನಿಲ್ಲಿಸುತ್ತವೆ, ಅಷ್ಟೇ. ಇದು ಹಾಗಲ್ಲ. ಚೀಟಿಯನ್ನು ಮೊದಲು ತನ್ನದೇ ಒಂದು ಅಮೈನೋ ಆಮ್ಲವಾದ ಸಿಸ್ಟೀನ್‌ಗೆ ಅಂಟಿಸಿಕೊಂಡು, ಆಮೇಲೆ ಗುರಿಯ ಲೈಸಿನ್‌ಗೆ ದಾಟಿಸುತ್ತದೆ. ಈ ಗುಂಪಿಗೆ ಹೆಕ್ಟ್ ಅಂತ ಹೆಸರು, ಮನುಷ್ಯರಲ್ಲಿ 28 ಇವೆ.

ಇದರ ಇನ್ನೊಂದು ಹೆಸರು ಇ6ಎಪಿ. ಇಲ್ಲಿ ಇ6 ಅಂದರೆ ಇ1, ಇ2 ಸಾಲಿನದಲ್ಲ, ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ) ವೈರಸ್ಸಿನ ಪ್ರೋಟೀನು. (ನಾನು ಇದನ್ನು ಒಂದು ವಾರ ತಪ್ಪಾಗಿ ಓದಿದ್ದೆ.) ಎಚ್‌ಪಿವಿ 16 ಮತ್ತು 18ನೇ ಬಗೆಗಳ ಇ6 ಬಂದು ಈ ಕಿಣ್ವಕ್ಕೆ ಅಂಟಿಕೊಂಡು ಪಿ53 ಅನ್ನುವ ಪ್ರೋಟೀನಿಗೆ ಚೀಟಿ ಹಚ್ಚಿಸುತ್ತದೆ. ಕ್ಯಾನ್ಸರ್ ತಡೆಯುವ ಪಿ53 ಹೀಗೆ ಗಾಣಕ್ಕೆ ಹೋಗುತ್ತದೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ಇದೊಂದು ಮುಖ್ಯ ದಾರಿ.

ಕಿಣ್ವವೇ ಇಲ್ಲದಿದ್ದರೆ? ಈ ಕಿಣ್ವದ ಜೀನ್ 15ನೇ ವರ್ಣತಂತುವಿನಲ್ಲಿದೆ. ನಮಗೆ ಅಮ್ಮನ ಕಡೆಯಿಂದ ಒಂದು, ಅಪ್ಪನ ಕಡೆಯಿಂದ ಒಂದು ಪ್ರತಿ ಬರುತ್ತದೆ. ಆದರೆ ನರಕೋಶಗಳಲ್ಲಿ ಕೆಲಸ ಮಾಡುವುದು ಅಮ್ಮನದು ಮಾತ್ರ. ಅದು ಕಳೆದುಹೋದರೆ ಅಥವಾ ಕೆಟ್ಟರೆ ಮಗುವಿಗೆ ಏಂಜೆಲ್‌ಮನ್ ಸಿಂಡ್ರೋಮ್ ಬರುತ್ತದೆ: ಮಾತು ಬರುವುದೇ ಕಷ್ಟ, ಫಿಟ್ಸ್, ತೂರಾಡುವ ನಡಿಗೆ, ಪದೇ ಪದೇ ನಗು. ವೈದ್ಯ ಹ್ಯಾರಿ ಏಂಜೆಲ್‌ಮನ್ 1965ರಲ್ಲಿ ಮೂರು ಮಕ್ಕಳಲ್ಲಿ ಇದನ್ನು ಗುರುತಿಸಿದರು, ಕಾರಣ ಈ ಜೀನ್ ಅಂತ ಗೊತ್ತಾಗಿದ್ದು 1997ರಲ್ಲಿ. ಆ ಮಕ್ಕಳಲ್ಲಿ ಅಪ್ಪನ ಪ್ರತಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಒಂದು ಆರ್‌ಎನ್‌ಎ ಅದನ್ನು ಸುಮ್ಮನಿರಿಸಿದೆ ಅಷ್ಟೇ. ಆ ಆರ್‌ಎನ್‌ಎಯನ್ನು ತಡೆದು ಅಪ್ಪನ ಪ್ರತಿಯನ್ನು ಎಬ್ಬಿಸುವ ಔಷಧಿಗಳನ್ನು ಈಗ ಮಕ್ಕಳಲ್ಲಿ ಪರೀಕ್ಷೆ ಮಾಡುತ್ತಿದ್ದಾರೆ.