ನೆರೆಹೊರೆ ಮತ್ತು ನಮ್ಮ ವಿದೇಶಾಂಗ ಸಚಿವಾಲಯ: 1996ರಿಂದ ಓದಲು ಶುರು ಮಾಡೋಣ

ಹಾಸನದಲ್ಲಿ ಜೊತೆಗೆ ಕೂತು ಕೆಎಎಸ್, ಐಎಎಸ್‌ಗೆ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ನೆರೆಹೊರೆಯ ಅಧ್ಯಾಯವನ್ನು ನಮ್ಮಲ್ಲಿ ಹೆಚ್ಚಿನವರು ದೇಶಗಳ ಪಟ್ಟಿಯಾಗಿ ಓದುತ್ತೇವೆ. ಪಾಕಿಸ್ತಾನಕ್ಕೆ ಎರಡು ಪುಟ, ಚೀನಾಕ್ಕೆ ಎರಡು ಪುಟ, ನೇಪಾಳಕ್ಕೆ ಅರ್ಧ ಪುಟ. ಪರೀಕ್ಷೆ ಹತ್ತಿರ ಬಂದಾಗ ಇಸವಿಗಳೆಲ್ಲ ಕಲಸಿಹೋಗುತ್ತವೆ. ನಾನು ಹೇಳುವುದು ಒಂದೇ ಮಾತು: ಸಚಿವಾಲಯ ಒಂದು ಹೇಳಿಕೆ ಕೊಟ್ಟಾಗ ಅದರ ಹಿಂದೆ ಯಾವ ಒಪ್ಪಂದ ಇದೆ ಎಂದು ಹುಡುಕಿ, ಆ ಒಪ್ಪಂದದ ಕಲಮುಗಳನ್ನು ಓದಿ. ತಕರಾರು ಎಲ್ಲಿಂದ ಹುಟ್ಟಿತು, ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಅಲ್ಲೇ ಸಿಗುತ್ತದೆ.

ಶುರು ಮಾಡಲು 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗಿನ ಅವಧಿಯನ್ನು ಹಿಡಿಯೋಣ. ನಮ್ಮ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದ ಕಾಲ ಅದು. ವಿದೇಶಾಂಗ ಸಚಿವರಾಗಿದ್ದವರು ಐ.ಕೆ. ಗುಜ್ರಾಲ್. ನಮ್ಮ ಜಿಲ್ಲೆಯವರು ಎಂಬ ಅಭಿಮಾನ ನನಗಿದೆ, ಆದರೆ ಈ ಅವಧಿಯನ್ನು ಆರಿಸಿಕೊಂಡದ್ದು ಅದಕ್ಕಲ್ಲ. ಬಾಂಗ್ಲಾದೇಶದ ಜೊತೆ ಗಂಗಾ ನೀರಿನ ಒಪ್ಪಂದ, ಚೀನಾ ಜೊತೆ ಗಡಿಯಲ್ಲಿ ಗುಂಡು ಹಾರಿಸಬಾರದೆಂಬ ಒಪ್ಪಂದ, ಸಣ್ಣ ನೆರೆ ದೇಶಗಳ ಬಗ್ಗೆ ಗುಜ್ರಾಲ್ ಸೂತ್ರ, ಈ ಮೂರೂ ಆ ಕೆಲವೇ ತಿಂಗಳಲ್ಲಿ ಬಂದವು. ಇವತ್ತಿನ ಸುದ್ದಿ ಓದುವಾಗಲೂ ಈ ಮೂರಕ್ಕೆ ಹಿಂದಿರುಗಬೇಕಾಗುತ್ತದೆ.

ಯಾರು ಯಾವ ಕೆಲಸ ಮಾಡುತ್ತಾರೆ

ಇದನ್ನು ಬೇಗ ಮುಗಿಸೋಣ. ಸಚಿವರ ಕೆಳಗೆ ಅಧಿಕಾರಿಗಳಲ್ಲಿ ದೊಡ್ಡ ಹುದ್ದೆ ವಿದೇಶಾಂಗ ಕಾರ್ಯದರ್ಶಿಯದು. ಅದರ ಕೆಳಗೆ ದೇಶವಾರು ವಿಭಾಗಗಳಿವೆ. ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್ ಒಂದು ವಿಭಾಗ. ಬಾಂಗ್ಲಾದೇಶ ಮತ್ತು ಮ್ಯಾನ್ಮಾರ್ ಒಂದು. ನೇಪಾಳ ಮತ್ತು ಭೂತಾನ್ ಉತ್ತರ ವಿಭಾಗದಲ್ಲಿ, ಚೀನಾ ಪೂರ್ವ ಏಷ್ಯಾ ವಿಭಾಗದಲ್ಲಿ. ಶ್ರೀಲಂಕಾ ಮತ್ತು ಮಾಲ್ಡೀವ್ಸ್ ಹಿಂದೂ ಮಹಾಸಾಗರ ವಿಭಾಗಕ್ಕೆ ಸೇರುತ್ತವೆ.

ಚೀನಾ ಗಡಿ ಇತ್ಯರ್ಥದ ಮಾತುಕತೆಯನ್ನು ಮಾತ್ರ 2003ರಿಂದ ವಿಶೇಷ ಪ್ರತಿನಿಧಿಗಳು ನಡೆಸುತ್ತಾರೆ. ನಮ್ಮ ಕಡೆಯಿಂದ ಆ ಹೊಣೆ ರಾಷ್ಟ್ರೀಯ ಭದ್ರತಾ ಸಲಹೆಗಾರರದು. ಇದನ್ನು ವಿದೇಶಾಂಗ ಕಾರ್ಯದರ್ಶಿಯ ಕೆಲಸ ಎಂದು ಉತ್ತರದಲ್ಲಿ ಬರೆದುಬಿಡಬೇಡಿ. ಇನ್ನೊಂದು ಸಣ್ಣ ವಿಷಯ: ಕಾಮನ್‌ವೆಲ್ತ್ ದೇಶಗಳಿಗೆ ನಾವು ಕಳಿಸುವುದು ಹೈಕಮಿಷನರ್, ಉಳಿದ ಕಡೆಗೆ ರಾಯಭಾರಿ. ಆದ್ದರಿಂದ ಢಾಕಾ, ಕೊಲಂಬೊಗಳಲ್ಲಿ ಹೈಕಮಿಷನ್ ಇದೆ, ಕಠ್ಮಂಡುವಿನಲ್ಲಿ ರಾಯಭಾರ ಕಚೇರಿ ಇದೆ.

ಗಂಗಾ ನೀರು: ಇದನ್ನು ನಿಧಾನವಾಗಿ ಓದಿ

ಹೇಮಾವತಿ ದಂಡೆಯವರಾದ ನಮಗೆ ನೀರಿನ ಜಗಳ ಹೊಸದಲ್ಲ. ಕಾವೇರಿ ನ್ಯಾಯಮಂಡಳಿ 1990ರಲ್ಲಿ ರಚನೆಯಾಯಿತು, ಅಂತಿಮ ತೀರ್ಪು ಕೊಟ್ಟದ್ದು 2007ರಲ್ಲಿ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ನಮ್ಮ ಪಾಲನ್ನು 284.75 ಟಿಎಂಸಿಗೆ ಏರಿಸಿತು. ಎಷ್ಟೇ ತಡವಾದರೂ ಕೊನೆಗೆ ಎರಡೂ ರಾಜ್ಯಗಳು ಕೇಳಲೇಬೇಕಾದ ಒಂದು ಕೋರ್ಟ್ ಇತ್ತು. ಎರಡು ದೇಶಗಳ ನಡುವೆ ಹಾಗೆ ಕಟ್ಟಿಹಾಕುವ ಕೋರ್ಟ್ ಇಲ್ಲ. ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಬೇಕಾದರೆ ಎರಡೂ ಕಡೆಯ ಒಪ್ಪಿಗೆ ಬೇಕು. ತಮ್ಮ ವಿಮಾನವನ್ನು ಭಾರತ ಹೊಡೆದುರುಳಿಸಿತು ಎಂದು ಪಾಕಿಸ್ತಾನ ಹೂಡಿದ ಮೊಕದ್ದಮೆಯನ್ನು ಆ ನ್ಯಾಯಾಲಯ 2000ದ ಜೂನ್ 21ರಂದು ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಕೈಬಿಟ್ಟಿತು. ಕಾಮನ್‌ವೆಲ್ತ್ ದೇಶಗಳ ಜೊತೆಗಿನ ವ್ಯಾಜ್ಯಕ್ಕೆ ಭಾರತ ಮೊದಲೇ ವಿನಾಯಿತಿ ಬರೆದಿಟ್ಟಿತ್ತು. ಹಾಗಾಗಿ ನೆರೆಯವರ ಜೊತೆ ಕೂತು ಮಾತಾಡಿ ಬರೆದುಕೊಂಡದ್ದೇ ದೊಡ್ಡ ಆಧಾರ.

ಪಶ್ಚಿಮ ಬಂಗಾಳದಲ್ಲಿ, ಬಾಂಗ್ಲಾ ಗಡಿಗೆ ಹತ್ತಿರ, ಗಂಗಾ ನದಿಗೆ ಅಡ್ಡಲಾಗಿ ನಾವು ಕಟ್ಟಿದ ಫರಕ್ಕಾ ಬ್ಯಾರೇಜ್ 1975ರಲ್ಲಿ ಕೆಲಸ ಆರಂಭಿಸಿತು. 1977ರಲ್ಲಿ ಐದು ವರ್ಷದ ಒಪ್ಪಂದವಾಯಿತು, ಆಮೇಲೆ ತಾತ್ಕಾಲಿಕ ಏರ್ಪಾಡುಗಳು. ಅವೂ 1988ಕ್ಕೆ ಮುಗಿದವು. ಅಲ್ಲಿಂದ 1996ರವರೆಗೆ ಬೇಸಿಗೆಯ ನೀರಿಗೆ ಯಾವ ಲಿಖಿತ ಲೆಕ್ಕವೂ ಇರಲಿಲ್ಲ. 1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ದೇವೇಗೌಡರೂ ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ ಅವರೂ 30 ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು.

ಲೆಕ್ಕ ಹೀಗಿದೆ. ಜನವರಿ 1ರಿಂದ ಮೇ 31ರವರೆಗಿನ ಕಾಲವನ್ನು ಹತ್ತು ಹತ್ತು ದಿನಗಳಾಗಿ ಭಾಗ ಮಾಡುತ್ತಾರೆ. ಫರಕ್ಕಾದಲ್ಲಿ ಹರಿವು 70,000 ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇಬ್ಬರಿಗೂ ಸಮಪಾಲು. 70,000ದಿಂದ 75,000 ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ನಮಗೆ. 75,000 ಮೀರಿದರೆ ನಮಗೆ 40,000, ಉಳಿದದ್ದು ಅವರಿಗೆ. ನೀರು ತೀರಾ ಕಡಿಮೆಯಾಗುವ ಮಾರ್ಚ್ 11ರಿಂದ ಮೇ 10ರ ನಡುವೆ ಹತ್ತು ದಿನಕ್ಕೊಮ್ಮೆ ಸರದಿಯ ಮೇಲೆ ಒಬ್ಬೊಬ್ಬರಿಗೆ 35,000 ಖಾತ್ರಿ. ಹರಿವು 50,000ಕ್ಕಿಂತ ಕೆಳಗಿಳಿದರೆ ಎರಡೂ ಸರ್ಕಾರಗಳು ಕೂಡಲೇ ಸಮಾಲೋಚನೆಗೆ ಕೂರಬೇಕು.

ಈ ಕೊನೆಯ ಕಲಮನ್ನು ಅಡಿಗೆರೆ ಹಾಕಿಟ್ಟುಕೊಳ್ಳಿ. ಕಾವೇರಿಯಲ್ಲಿ ನಾವು ವರ್ಷ ವರ್ಷ ಅನುಭವಿಸಿದ ಸಂಕಷ್ಟ ಕಾಲದ ಪ್ರಶ್ನೆಗೆ ಇಲ್ಲಿ ಸೂತ್ರವಿಲ್ಲ, ಮಾತುಕತೆಯ ಹೊಣೆ ಮಾತ್ರ ಇದೆ. ಒಪ್ಪಂದದ ದುರ್ಬಲ ಜಾಗ ಇದೇ ಎಂದು ನನ್ನ ಅಭಿಪ್ರಾಯ. 30 ವರ್ಷದ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತದೆ, ಪರಸ್ಪರ ಒಪ್ಪಿಗೆ ಇದ್ದರೆ ನವೀಕರಿಸಬಹುದು ಎಂದೂ ಬರೆದಿದೆ. ಈ ಬಾರಿ ಪರೀಕ್ಷೆ ಬರೆಯುವವರು ಇದನ್ನು ಬಿಡುವಂತಿಲ್ಲ.

ರಾಜ್ಯದ ಪಾತ್ರವನ್ನೂ ಸೇರಿಸಿ. ಸಂವಿಧಾನದ 253ನೇ ವಿಧಿಯಂತೆ ಒಪ್ಪಂದ ಜಾರಿಗೆ ತರಲು ಸಂಸತ್ತು ಯಾವ ವಿಷಯದ ಮೇಲಾದರೂ ಕಾನೂನು ಮಾಡಬಹುದು. ಆದರೂ 1996ರಲ್ಲಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಜೊತೆಗೆ ನಿಂತದ್ದರಿಂದ ಕೆಲಸ ಸಲೀಸಾಯಿತು. 2011ರಲ್ಲಿ ತೀಸ್ತಾ ನದಿ ನೀರಿನ ಒಪ್ಪಂದಕ್ಕೆ ಆಗಿನ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಒಪ್ಪಲಿಲ್ಲ, ಢಾಕಾಕ್ಕೆ ಹೋದ ಮನಮೋಹನ್ ಸಿಂಗ್ ಸಹಿ ಇಲ್ಲದೆ ಹಿಂದಿರುಗಿದರು. ಅಧಿಕಾರ ಕೇಂದ್ರದ್ದು, ನೀರು ಹರಿಯುವ ಊರು ರಾಜ್ಯದ್ದು. ಇದನ್ನು ಹಾಸನದವರಿಗೆ ಬಿಡಿಸಿ ಹೇಳಬೇಕಿಲ್ಲ.

ಚೀನಾ: ಗುಂಡು ಹಾರದ ಗಡಿಯ ಕಲಮು

ಲಡಾಖ್‌ನ ಗಾಲ್ವಾನ್‌ನಲ್ಲಿ 2020ರ ಜೂನ್ 15ರ ರಾತ್ರಿ ಚೀನೀ ಸೈನಿಕರ ಜೊತೆಗಿನ ಘರ್ಷಣೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ಕೈಯಲ್ಲಿ ಬಂದೂಕು ಇದ್ದೂ ಏಕೆ ಹಾರಿಸಲಿಲ್ಲ ಎಂದು ಆಗ ಎಲ್ಲರೂ ಕೇಳಿದರು. ವಿದೇಶಾಂಗ ಸಚಿವ ಜೈಶಂಕರ್ ಕೊಟ್ಟ ಉತ್ತರದಲ್ಲಿ 1996 ಮತ್ತು 2005ರ ಒಪ್ಪಂದಗಳ ಉಲ್ಲೇಖವಿತ್ತು. ಅದರಲ್ಲಿ ಮೊದಲನೆಯದು 1996ರ ನವೆಂಬರ್ 29ರಂದು, ಚೀನಾದ ಅಧ್ಯಕ್ಷ ಜಿಯಾಂಗ್ ಜೆಮಿನ್ ದೆಹಲಿಗೆ ಬಂದಿದ್ದಾಗ ಆದದ್ದು. ಅದರ ಆರನೇ ಕಲಮಿನಂತೆ ವಾಸ್ತವ ನಿಯಂತ್ರಣ ರೇಖೆಯಿಂದ (ಗಡಿ ಇತ್ಯರ್ಥವಾಗುವವರೆಗೆ ಎರಡೂ ಕಡೆಯ ಹಿಡಿತದ ನೆಲವನ್ನು ಬೇರ್ಪಡಿಸುವ ರೇಖೆ) ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸಬಾರದು, ಸ್ಫೋಟ ನಡೆಸಬಾರದು, ಬಂದೂಕಿನಿಂದ ಬೇಟೆಯನ್ನೂ ಆಡಬಾರದು.

ಹತ್ತನೇ ಕಲಮನ್ನು ಹೆಚ್ಚು ಜನ ಓದುವುದಿಲ್ಲ, ಆದರೆ ವಿಷಯದ ತಿರುಳು ಅಲ್ಲಿದೆ. ಈ ಒಪ್ಪಂದ ಪೂರ್ತಿ ಜಾರಿಯಾಗಬೇಕಾದರೆ ರೇಖೆ ಎಲ್ಲಿ ಹಾದುಹೋಗುತ್ತದೆ ಎಂಬ ಬಗ್ಗೆ ಇಬ್ಬರಿಗೂ ಒಂದೇ ತಿಳಿವಳಿಕೆ ಬೇಕು, ಅದಕ್ಕೆ ನಕ್ಷೆಗಳನ್ನು ವಿನಿಮಯ ಮಾಡಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಮಧ್ಯ ವಲಯ, ಅಂದರೆ ಹಿಮಾಚಲ, ಉತ್ತರಾಖಂಡ ಕಡೆಯ ನಕ್ಷೆಗಳು ಮಾತ್ರ ಕೈ ಬದಲಾದವು. ಪಶ್ಚಿಮ ವಲಯ, ಅಂದರೆ ಲಡಾಖ್ ಕಡೆಯದು, ಅಲ್ಲಿಗೇ ನಿಂತಿತು. ಸಕಲೇಶಪುರ, ಮೂಡಿಗೆರೆ ಕಡೆ ಅಕ್ಕಪಕ್ಕದ ಎರಡು ತೋಟಗಳ ನಡುವೆ ಸರ್ವೆ ಕಲ್ಲು ನೆಡದೆ ಗಲಾಟೆ ಮಾಡಬಾರದು ಎಂದು ಮಾತ್ರ ಮುಚ್ಚಳಿಕೆ ಬರೆಸಿಕೊಂಡರೆ ಏನಾಗುತ್ತದೋ ಅಲ್ಲೂ ಅದೇ ಆಯಿತು. ಇಬ್ಬರೂ ತಮ್ಮ ತಮ್ಮ ಲೆಕ್ಕದ ರೇಖೆಯವರೆಗೆ ಗಸ್ತು ಹೋಗುತ್ತಾರೆ, ಎರಡು ಲೆಕ್ಕ ಒಂದರ ಮೇಲೊಂದು ಬೀಳುವ ಕಡೆ ಎದುರುಬದುರಾಗುತ್ತಾರೆ.

2020ರ ನಂತರ ಸೇನೆ ಹಿಂದೆ ಸರಿದದ್ದು ಕಂತುಗಳಲ್ಲಿ. ಪ್ಯಾಂಗಾಂಗ್ 2021ರ ಫೆಬ್ರುವರಿಯಲ್ಲಿ, ಗೋಗ್ರಾ ಅದೇ ವರ್ಷ ಆಗಸ್ಟ್‌ನಲ್ಲಿ, ಹಾಟ್ ಸ್ಪ್ರಿಂಗ್ಸ್ 2022ರ ಸೆಪ್ಟೆಂಬರ್‌ನಲ್ಲಿ. ಡೆಪ್ಸಾಂಗ್ ಮತ್ತು ಡೆಮ್ಚೋಕ್‌ನ ಗಸ್ತು ಏರ್ಪಾಡನ್ನು ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಪ್ರಕಟಿಸಿದ್ದು 2024ರ ಅಕ್ಟೋಬರ್ 21ರಂದು. ಎರಡು ದಿನದ ನಂತರ ಕಜಾನ್‌ನಲ್ಲಿ ಪ್ರಧಾನಿ ಮೋದಿ ಮತ್ತು ಷಿ ಜಿನ್‌ಪಿಂಗ್ ಭೇಟಿಯಾದರು. ಈ ಕ್ರಮವನ್ನು ಗಮನಿಸಿ: ಮೊದಲು ಸೇನಾಧಿಕಾರಿಗಳು ಮತ್ತು ರಾಜತಾಂತ್ರಿಕರು ಕೂತು ಜಾಗವೊಂದೊಂದನ್ನು ಬಿಡಿಸಿದರು, ನಾಯಕರ ಔಪಚಾರಿಕ ಭೇಟಿ ಕೊನೆಗೆ ಬಂತು.

ಪಾಕಿಸ್ತಾನ: ಪ್ರತಿಭಟನೆಯ ಮೆಟ್ಟಿಲುಗಳು

ಸಿಟ್ಟು ತೋರಿಸಲು ಸಚಿವಾಲಯಕ್ಕೆ ಹಲವು ಮೆಟ್ಟಿಲುಗಳಿವೆ. ವಕ್ತಾರರ ಹೇಳಿಕೆ ಎಲ್ಲಕ್ಕಿಂತ ಕೆಳಗಿನದು. ಆಮೇಲೆ ಆ ದೇಶದ ರಾಯಭಾರಿಯನ್ನು ಕರೆಸಿ ಪ್ರತಿಭಟನೆ ದಾಖಲಿಸುವುದು. ನಮ್ಮ ರಾಯಭಾರಿಯನ್ನು ಸಮಾಲೋಚನೆಗೆಂದು ವಾಪಸು ಕರೆಸಿಕೊಳ್ಳುವುದು ಅದಕ್ಕಿಂತ ಮೇಲಿನದು. 1961ರ ವಿಯೆನ್ನಾ ಒಪ್ಪಂದದ ಒಂಬತ್ತನೇ ಕಲಮಿನಂತೆ ಕಾರಣ ಹೇಳದೆಯೇ ಒಬ್ಬ ರಾಜತಾಂತ್ರಿಕನನ್ನು ಬೇಡವಾದವನೆಂದು ಘೋಷಿಸಿ ಹೊರಗೆ ಕಳಿಸಬಹುದು. ಇನ್ನೂ ಮೇಲೆ ಹೋದರೆ ಕಚೇರಿಯ ಸಿಬ್ಬಂದಿ ಕಡಿತ, ಗಡಿ ಬಂದ್, ಒಪ್ಪಂದ ತಡೆಹಿಡಿಯುವುದು.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಅವರಲ್ಲಿ ಕರ್ನಾಟಕದವರೂ ಇದ್ದರು. ಮರುದಿನವೇ ಮಿಸ್ರಿ ಪ್ರಕಟಿಸಿದ ಕ್ರಮಗಳು ಮೇಲಿನ ಮೆಟ್ಟಿಲಿನವು: ಸಿಂಧೂ ಜಲ ಒಪ್ಪಂದವನ್ನು ತಡೆಹಿಡಿದದ್ದು, ಅಟ್ಟಾರಿ ಗಡಿ ಠಾಣೆ ಬಂದ್, ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್‌ನ ವೀಸಾ ವಿನಾಯಿತಿ ಪಾಕಿಸ್ತಾನದವರಿಗೆ ರದ್ದು, ಪಾಕ್ ಹೈಕಮಿಷನ್‌ನ ಸೇನಾ ಸಲಹೆಗಾರರಿಗೆ ಗೇಟ್‌ಪಾಸ್, ಸಿಬ್ಬಂದಿ 55ರಿಂದ 30ಕ್ಕೆ. ಮೇ 7ರಂದು ಭಾರತದ ಸೇನಾ ದಾಳಿ, ಆಪರೇಷನ್ ಸಿಂಧೂರ, ಶುರುವಾಯಿತು. ಮೇ 10ರಂದು ಎರಡೂ ಕಡೆಯ ಸೇನಾ ಕಾರ್ಯಾಚರಣೆ ಮಹಾನಿರ್ದೇಶಕರು ಫೋನಿನಲ್ಲಿ ಮಾತಾಡಿ ದಾಳಿ ನಿಲ್ಲಿಸಲು ಒಪ್ಪಿದರೆಂದು ತಿಳಿಸಿದವರೂ ಮಿಸ್ರಿಯವರೇ.

ಸಿಂಧೂ ಒಪ್ಪಂದದ ಆಧಾರ ಗೊತ್ತಿರಲಿ. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಸಹಿ ಹಾಕಿದರು, ವಿಶ್ವ ಬ್ಯಾಂಕ್ ನಡುವೆ ನಿಂತಿತ್ತು. ರಾವಿ, ಬಿಯಾಸ್, ಸಟ್ಲೆಜ್ ನಮಗೆ. ಸಿಂಧೂ, ಝೀಲಂ, ಚಿನಾಬ್ ಮುಖ್ಯವಾಗಿ ಅವರಿಗೆ. ಗಂಗಾ ಒಪ್ಪಂದ ಒಂದೇ ನದಿಯ ನೀರನ್ನು ಹಂಚಿದರೆ ಇದು ನದಿಗಳನ್ನೇ ಹಂಚಿತು. ಹೋಲಿಕೆ ಕೇಳಿದರೆ ಈ ಒಂದು ವ್ಯತ್ಯಾಸದಿಂದ ಉತ್ತರ ಶುರು ಮಾಡಬಹುದು.

ನನಗೆ ಬಹಳ ಮುಖ್ಯ ಎನಿಸುವ ಇನ್ನೊಂದು ವಿಷಯ ಸುದ್ದಿಯಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. 1988ರ ಡಿಸೆಂಬರ್ 31ರ ಒಪ್ಪಂದದಂತೆ ಎರಡೂ ದೇಶಗಳು ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವಂತಿಲ್ಲ. 1992ರಿಂದ ಪ್ರತಿ ಜನವರಿ 1ರಂದು ಸ್ಥಾವರಗಳ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತಾರೆ. ಕಾರ್ಗಿಲ್ ಯುದ್ಧವಾದ ಮೇಲೂ, ಸಂಸತ್ತಿನ ಮೇಲೆ ದಾಳಿಯಾದ ಮೇಲೂ, ಪುಲ್ವಾಮಾ ನಂತರವೂ ಅದು ತಪ್ಪಲಿಲ್ಲ. ಹಾಗೆಯೇ 2008ರ ಒಪ್ಪಂದದಂತೆ ಜನವರಿ 1 ಮತ್ತು ಜುಲೈ 1ರಂದು ಕೈದಿಗಳ ಮತ್ತು ಬಂಧಿತ ಮೀನುಗಾರರ ಪಟ್ಟಿ. ಸಿಂಧೂರ ಕಾರ್ಯಾಚರಣೆ ಮುಗಿದು ಎರಡು ತಿಂಗಳು ತುಂಬುವ ಮೊದಲೇ, 2025ರ ಜುಲೈ 1ರಂದು, ಆ ಪಟ್ಟಿಯೂ ಕೈ ಬದಲಾಯಿತು. ಆ ಪಟ್ಟಿಯಲ್ಲಿ ಹೆಸರಿದ್ದರೆ ಮಗ ಬದುಕಿದ್ದಾನೆಂದು ಒಂದು ಮನೆಗೆ ಗೊತ್ತಾಗುತ್ತದೆ. ಮಾತುಕತೆ ಪೂರ್ತಿ ನಿಂತಿದೆ ಎಂದು ಬರೆಯುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಗುಜ್ರಾಲ್ ಸೂತ್ರ ಮತ್ತು ಬಗೆಹರಿದ ತಕರಾರುಗಳು

ಸೂತ್ರದಲ್ಲಿ ಐದು ಅಂಶಗಳಿವೆ. ಬಾಂಗ್ಲಾದೇಶ, ಭೂತಾನ್, ಮಾಲ್ಡೀವ್ಸ್, ನೇಪಾಳ, ಶ್ರೀಲಂಕಾಗಳಿಗೆ ಭಾರತ ಪ್ರತಿಫಲ ಕೇಳದೆ ಕೈಲಾದದ್ದು ಮಾಡುತ್ತದೆ ಎಂಬುದು ಮೊದಲನೆಯದು. ಈ ಐದರಲ್ಲಿ ಪಾಕಿಸ್ತಾನ ಇಲ್ಲ, ಇದು ವಸ್ತುನಿಷ್ಠ ಪ್ರಶ್ನೆಗೆ ಬರುವಂಥದ್ದು. ತನ್ನ ನೆಲವನ್ನು ಇನ್ನೊಬ್ಬರ ವಿರುದ್ಧ ಬಳಸಲು ಯಾರೂ ಬಿಡಬಾರದು, ಆಂತರಿಕ ವಿಷಯದಲ್ಲಿ ತಲೆಹಾಕಬಾರದು, ಗಡಿ ಮತ್ತು ಸಾರ್ವಭೌಮತ್ವ ಗೌರವಿಸಬೇಕು, ತಕರಾರುಗಳನ್ನು ಇಬ್ಬರೇ ಕೂತು ಶಾಂತಿಯಿಂದ ಬಗೆಹರಿಸಬೇಕು ಎಂಬುವು ಉಳಿದ ನಾಲ್ಕು. ಮೊದಲ ಅಂಶ ಉದಾರವಾಗಿದೆ, ಎರಡನೆಯದು ಭದ್ರತೆಯ ಷರತ್ತು. ಎರಡನ್ನೂ ಸೇರಿಸಿ ಓದದೆ ಇದನ್ನು ಬರೀ ಔದಾರ್ಯ ಎನ್ನುವ ಟೀಕೆ ಸರಿಯಲ್ಲ ಎಂದು ನಾನು ಭಾವಿಸುತ್ತೇನೆ.

ಬಗೆಹರಿದದ್ದಕ್ಕೆ ಉದಾಹರಣೆ ಬೇಕಾದರೆ ಬಾಂಗ್ಲಾದೇಶದ ಭೂಗಡಿ. 1974ರಲ್ಲಿ ಸಹಿಯಾಯಿತು. ನೆಲ ಬಿಟ್ಟುಕೊಡಲು ಸಂವಿಧಾನ ತಿದ್ದುಪಡಿ ಬೇಕೆಂದು ಬೇರುಬಾರಿ ಪ್ರಕರಣದಲ್ಲಿ 1960ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಆ ತಿದ್ದುಪಡಿ, ಅಂದರೆ 100ನೆಯದು, ಬಂದದ್ದು 2015ರಲ್ಲಿ. ಆ ವರ್ಷ ಜುಲೈ 31ರ ಮಧ್ಯರಾತ್ರಿ ಒಬ್ಬರ ನೆಲದ ನಡುವೆ ಸಿಕ್ಕಿಕೊಂಡಿದ್ದ ಇನ್ನೊಬ್ಬರ ತುಣುಕು ಪ್ರದೇಶಗಳಲ್ಲಿ ನಮ್ಮ 111 ಅವರಿಗೆ, ಅವರ 51 ನಮಗೆ ಸೇರಿದವು. ಸಮುದ್ರ ಗಡಿಯನ್ನು 2014ರ ಜುಲೈ 7ರಂದು ಮಧ್ಯಸ್ಥಿಕೆ ಮಂಡಳಿ ತೀರ್ಮಾನಿಸಿತು. ವಿವಾದಿತ 25,602 ಚದರ ಕಿಲೋಮೀಟರ್‌ನಲ್ಲಿ 19,467 ಬಾಂಗ್ಲಾದೇಶಕ್ಕೆ ಹೋಯಿತು. ಭಾರತ ಅದನ್ನು ಒಪ್ಪಿತು.

ಇಸವಿ ಕಲಸಿಕೊಳ್ಳದಿರಲು ಚಿಕ್ಕಮಗಳೂರಿನ ಗೆಳೆಯರಿಗೆ ಒಂದು ಮಾತು. ಇಂದಿರಾ ಗಾಂಧಿ ನಿಮ್ಮಲ್ಲಿ ಗೆದ್ದದ್ದು 1978ರ ಉಪಚುನಾವಣೆಯಲ್ಲಿ, ಆಗ ಅವರು ಪ್ರಧಾನಿಯಲ್ಲ. ಅವರು ಪ್ರಧಾನಿಯಾಗಿದ್ದಾಗ ಪಾಕಿಸ್ತಾನದ ಜೊತೆ ಆದ ಶಿಮ್ಲಾ ಒಪ್ಪಂದ 1972ರದು, ಬಾಂಗ್ಲಾ ಭೂಗಡಿ ಒಪ್ಪಂದ ಮತ್ತು ಶ್ರೀಲಂಕಾ ಜೊತೆ ಕಚ್ಚತೀವು ದ್ವೀಪದ ಒಪ್ಪಂದ 1974ರವು. 1978ರಲ್ಲಿ ವಿದೇಶಾಂಗ ಸಚಿವರಾಗಿದ್ದವರು ವಾಜಪೇಯಿ.

ನೇಪಾಳ ಮತ್ತು ಶ್ರೀಲಂಕಾ, ಸ್ವಲ್ಪದರಲ್ಲಿ

ನೇಪಾಳದ ಗಡಿ ತಕರಾರಿನ ಬೇರು ಈಸ್ಟ್ ಇಂಡಿಯಾ ಕಂಪನಿ ಆ ದೇಶದ ಜೊತೆ ಮಾಡಿಕೊಂಡ 1816ರ ಸುಗೌಲಿ ಒಪ್ಪಂದ. ಕಾಳಿ ನದಿ ಗಡಿ ಎಂದು ಅದರಲ್ಲಿದೆ, ಆ ನದಿ ಹುಟ್ಟುವುದೆಲ್ಲಿ ಎಂಬುದರಲ್ಲಿ ಜಗಳ. 2020ರ ಮೇನಲ್ಲಿ ಲಿಪುಲೇಖ್ ರಸ್ತೆ ಉದ್ಘಾಟನೆಯಾದ ಕೂಡಲೇ ನೇಪಾಳ ಆ ಭಾಗವನ್ನು ತನ್ನದೆಂದು ತೋರಿಸುವ ಹೊಸ ನಕ್ಷೆ ಹೊರಡಿಸಿ ಜೂನ್‌ನಲ್ಲಿ ಸಂವಿಧಾನಕ್ಕೇ ಸೇರಿಸಿತು. ಭಾರತ ಅದನ್ನು ಒಪ್ಪಿಲ್ಲ.

ಶ್ರೀಲಂಕಾದಲ್ಲಿ ಕಚ್ಚತೀವು ದ್ವೀಪದ ಹೆಸರು ಜೋರು, ನಿಜವಾದ ಸಮಸ್ಯೆ ಮೀನು. 1976ರ ಪತ್ರ ವಿನಿಮಯದ ಪ್ರಕಾರ ಒಬ್ಬರ ನೀರಿನಲ್ಲಿ ಇನ್ನೊಬ್ಬರು ಮೀನು ಹಿಡಿಯುವಂತಿಲ್ಲ. ಸಮುದ್ರದ ತಳ ಬಾಚುವ ಟ್ರಾಲಿಂಗ್ ಅನ್ನು ಶ್ರೀಲಂಕಾ 2017ರಲ್ಲಿ ನಿಷೇಧಿಸಿತು. ಹೊಟ್ಟೆಪಾಡಿನ ಮೀನುಗಾರರು ಎರಡೂ ಕಡೆ ಇದ್ದಾರೆ, ಉತ್ತರ ಬರೆಯುವಾಗ ಜಾಫ್ನಾ ಕಡೆಯವರನ್ನು ಮರೆಯಬೇಡಿ.

ಎಲ್ಲವೂ ವಿದೇಶಾಂಗ ಸಚಿವಾಲಯದ ಕೈಯಲ್ಲಿಲ್ಲ ಎನ್ನುವುದಕ್ಕೆ ಮಲೆನಾಡಿನದೇ ಉದಾಹರಣೆ ಇದೆ. ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಆ ದಾರಿಯಲ್ಲಿ ಅಗ್ಗದ ಕಾಳುಮೆಣಸು ಬರುತ್ತಿದೆ ಎಂದು ನಮ್ಮ ಬೆಳೆಗಾರರು ಕೂಗಿದಾಗ, 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿದ್ದು ವಾಣಿಜ್ಯ ಸಚಿವಾಲಯ.

ಅಭ್ಯಾಸಕ್ಕೆ ಒಂದು ಪ್ರಶ್ನೆ, 250 ಪದಗಳಲ್ಲಿ ಬರೆದು ತನ್ನಿ: 1960ರ ಸಿಂಧೂ ಒಪ್ಪಂದ ಮತ್ತು 1996ರ ಗಂಗಾ ಒಪ್ಪಂದಗಳಲ್ಲಿ ನೀರು ಕಡಿಮೆಯಾದಾಗ ಮತ್ತು ಸಂಬಂಧ ಕೆಟ್ಟಾಗ ಯಾವುದಕ್ಕೆ ಹೆಚ್ಚು ಪೆಟ್ಟು ಬೀಳುತ್ತದೆ? ಕಲಮುಗಳ ಆಧಾರದ ಮೇಲೆ ಚರ್ಚಿಸಿ.